ಲಿಸ್ಬನ್ ನಗರದರ್ಶನ: ಉಳಿದ ಸ್ಮಾರಕಗಳು, ಅಳಿದ ಬಂದರುಕಟ್ಟೆ

ಹದಿನಾರನೆಯ ಶತಮಾನದ ಕರ್ನಾಟಕವನ್ನು ಅಭ್ಯಸಿಸುವವರಿಗೆ ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ನಿನ ಹೆಸರು ಹೊಸದಲ್ಲ. ವಿಜಯನಗರದ ಬೀದಿಗಳನ್ನೂ ಮಹಾನವಮಿಯ ವೈಭವವನ್ನೂ ಕಣ್ಣಾರೆ ಕಂಡು ಬರೆದ ದೊಮಿಂಗೊ ಪಾಯಿಸ್, ಅಲ್ಲಿನ ಅರಸರ ವೃತ್ತಾಂತವನ್ನು ಸಂಗ್ರಹಿಸಿದ ಫೆರ್ನಾವೊ ನೂನಿಜ್, ಪಶ್ಚಿಮ ಕರಾವಳಿಯ ಬಂದರುಗಳನ್ನು ಒಂದೊಂದಾಗಿ ವರ್ಣಿಸಿದ ದುಆರ್ತೆ ಬಾರ್ಬೊಸ, ಇವರೆಲ್ಲರೂ ಲಿಸ್ಬನ್ನನ್ನು ಕೇಂದ್ರವಾಗಿ ಉಳ್ಳ ಒಂದು ವ್ಯಾಪಾರಜಾಲದ ಮೂಲಕ ನಮ್ಮ ನಾಡಿಗೆ ಬಂದವರು. ಹೀಗಿದ್ದರೂ ಆ ನಗರವು ನಮ್ಮ ಬರಹಗಳಲ್ಲಿ ಅಡಿಟಿಪ್ಪಣಿಯ ಹೆಸರಾಗಿ ಮಾತ್ರ ಉಳಿದಿದೆ. ಅದರ ಬೀದಿ, ಚೌಕ, ಮಠ, ಸಂಗ್ರಹಾಲಯಗಳ ಪರಿಚಯವು ಕನ್ನಡದಲ್ಲಿ ವಿರಳ.

ಪ್ರಸ್ತುತ ಲೇಖನದಲ್ಲಿ ಲಿಸ್ಬನ್ನಿನ ಪ್ರೇಕ್ಷಣೀಯ ಸ್ಥಳಗಳನ್ನು ಕ್ರಮವಾಗಿ ಪರಿಚಯಿಸುವುದು ನಮ್ಮ ಉದ್ದೇಶ. ಆದರೆ ಪ್ರವಾಸಿ ಕೈಪಿಡಿಗಳು ಅನುಸರಿಸುವ ಕ್ರಮವನ್ನು ನಾವು ಇಲ್ಲಿ ಅನುಸರಿಸಿಲ್ಲ. ಅದಕ್ಕೆ ಕಾರಣವಿದೆ. ಈ ನಗರದಲ್ಲಿ ಇಂದು ನಮ್ಮ ಕಣ್ಣಿಗೆ ಬೀಳುವ ಸ್ಮಾರಕಗಳು ಚರಿತ್ರೆಯ ಸಮತೂಕದ ಪ್ರತಿನಿಧಿಗಳಲ್ಲ. ೧೭೫೫ರ ಭೂಕಂಪವು ಭಾರತದೊಡನೆ ವ್ಯಾಪಾರ ನಡೆದ ಕೇಂದ್ರವನ್ನೇ ನೆಲಸಮಗೊಳಿಸಿತು. ಆ ವ್ಯಾಪಾರದ ಲಾಭದಿಂದ ನಗರದ ಹೊರವಲಯದಲ್ಲಿ ಎದ್ದ ವಿಜಯಸ್ಮಾರಕಗಳನ್ನು ಬಹುಮಟ್ಟಿಗೆ ಉಳಿಸಿತು. ಆದುದರಿಂದ ನೋಡುಗನಿಗೆ ವೈಭವವು ಎದುರಾಗುತ್ತದೆ, ವ್ಯವಹಾರವು ಮರೆಯಾಗುತ್ತದೆ. ಉಳಿದುದರ ಜೊತೆಗೆ ಅಳಿದುದನ್ನೂ ನೋಡಲು ಕಲಿತಾಗ ಮಾತ್ರ ಲಿಸ್ಬನ್ನಿನ ದರ್ಶನ ಪೂರ್ಣವಾಗುತ್ತದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

೧. ನದಿ, ಗುಡ್ಡ ಮತ್ತು ಕೋಟೆ

ತೇಜೊ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಮುನ್ನ ಸರೋವರದಂತೆ ಅಗಲವಾಗಿ ಹರಡಿಕೊಳ್ಳುತ್ತದೆ. ಆ ಅಳಿವೆಯ ಉತ್ತರ ದಂಡೆಯ ಮೇಲೆ, ಏರಿಳಿತದ ಗುಡ್ಡಗಳ ಮೇಲೆ ಲಿಸ್ಬನ್ ಹಬ್ಬಿದೆ. ದೊಡ್ಡ ಹಡಗುಗಳಿಗೆ ನಿರಾತಂಕವಾದ ತಂಗುದಾಣ, ಎದುರಿಗೆ ತೆರೆದ ಸಾಗರ, ಬೆನ್ನಿಗೆ ಎತ್ತರದ ಗುಡ್ಡ, ಈ ಮೂರೂ ಕೂಡಿದ್ದರಿಂದ ಪ್ರಾಚೀನ ಕಾಲದಿಂದಲೂ ಇಲ್ಲಿ ಜನವಸತಿ ಬೆಳೆಯಿತು. ರೋಮನರು, ಅನಂತರ ಅರಬ್ಬೀ ಮೂಲದ ಮೂರರು ಇಲ್ಲಿ ಆಳಿದರು. ಪೋರ್ಚುಗಲ್ಲಿನ ಮೊದಲ ದೊರೆಯಾದ ಅಫೊನ್ಸು ಹೆನ್ರಿಕೆಶ್ ಧರ್ಮಯುದ್ಧಕ್ಕೆ ಹೊರಟಿದ್ದ ಉತ್ತರ ಯುರೋಪಿನ ಸೈನಿಕರ ನೆರವು ಪಡೆದು ೧೧೪೭ರಲ್ಲಿ ನಗರವನ್ನು ವಶಪಡಿಸಿಕೊಂಡನು.

ನಗರದ ಎತ್ತರದ ಗುಡ್ಡವೊಂದರ ಮೇಲಿರುವ ಸಾವೊ ಜಾರ್ಜ್ ಕೋಟೆಯಿಂದ ನೋಟವನ್ನು ಆರಂಭಿಸುವುದು ಉಚಿತ. ಇಡೀ ನಗರದ ವಿನ್ಯಾಸವು ಇಲ್ಲಿಂದ ಒಂದೇ ನೋಟಕ್ಕೆ ಸಿಗುತ್ತದೆ. ಕೋಟೆಯ ಇಂದಿನ ರೂಪದಲ್ಲಿ ಇಪ್ಪತ್ತನೆಯ ಶತಮಾನದ ಜೀರ್ಣೋದ್ಧಾರದ ಪಾಲು ದೊಡ್ಡದು ಎಂಬುದನ್ನು ನೆನಪಿಡಬೇಕು. ಕೋಟೆಯ ತಪ್ಪಲಿನಲ್ಲಿ ಅಲ್ಫಾಮ ಎಂಬ ಹಳೆಯ ಕೇರಿಯಿದೆ. ಅದರ ಹೆಸರೇ ಅರಬ್ಬೀ ಮೂಲದ್ದು. ಒಬ್ಬರ ಹಿಂದೊಬ್ಬರು ನಡೆಯಬೇಕಾದಷ್ಟು ಇಕ್ಕಟ್ಟಾದ ಓಣಿಗಳು, ಮೆಟ್ಟಿಲುಗಳು, ಬಿಸಿಲಿಗೆ ಹರವಿದ ಬಟ್ಟೆಗಳು, ಕಿಟಕಿಗಳಲ್ಲಿ ಹೂಕುಂಡಗಳು, ಇವು ಅಲ್ಫಾಮದ ಚಹರೆ. ಭೂಕಂಪದಲ್ಲಿ ಈ ಕೇರಿ ಹೆಚ್ಚಿನ ಮಟ್ಟಿಗೆ ಉಳಿದುಕೊಂಡಿತು. ಹೀಗಾಗಿ ಮಧ್ಯಯುಗದ ಲಿಸ್ಬನ್ನಿನ ಬೀದಿಗಳು ಹೇಗಿದ್ದವೆಂಬುದನ್ನು ಊಹಿಸಲು ಇದು ಒಂದು ಆಧಾರ. ಸಮೀಪದಲ್ಲಿಯೇ ಹನ್ನೆರಡನೆಯ ಶತಮಾನದಲ್ಲಿ ಆರಂಭವಾದ ಪ್ರಧಾನ ಇಗರ್ಜಿ ಕೋಟೆಯಂತಹ ಎರಡು ಗೋಪುರಗಳೊಡನೆ ನಿಂತಿದೆ.

೨. ೧೭೫೫ರ ನವೆಂಬರ್ ೧

ಕೋಟೆಯ ಮೇಲಿನಿಂದ ಪಶ್ಚಿಮಕ್ಕೆ ನೋಡಿದರೆ ಎರಡು ಗುಡ್ಡಗಳ ನಡುವಿನ ಸಮತಟ್ಟಾದ ತಗ್ಗಿನಲ್ಲಿ, ಚದುರಂಗದ ಹಾಸಿನಂತೆ ನೇರ ಗೆರೆಗಳಲ್ಲಿ ಹಂಚಿದ ಬೀದಿಗಳು ಕಾಣುತ್ತವೆ. ಅಲ್ಫಾಮದ ಅಡ್ಡಾದಿಡ್ಡಿ ಓಣಿಗಳಿಗೂ ಈ ನೇರ ಬೀದಿಗಳಿಗೂ ನಡುವೆ ಇರುವ ವ್ಯತ್ಯಾಸದಲ್ಲಿ ನಗರದ ಚರಿತ್ರೆಯ ಮಹಾದುರಂತವು ಅಡಗಿದೆ.

೧೭೫೫ರ ನವೆಂಬರ್ ೧ ಸಕಲ ಸಂತರ ಹಬ್ಬದ ದಿನ. ಬೆಳಿಗ್ಗೆ ಜನರು ಇಗರ್ಜಿಗಳಲ್ಲಿ ಸೇರಿದ್ದ ಹೊತ್ತಿನಲ್ಲಿ ಭೂಮಿ ನಡುಗಿತು. ಕಟ್ಟಡಗಳು ಉರುಳಿದವು. ಬಯಲನ್ನು ಅರಸಿ ನದಿಯ ದಂಡೆಗೆ ಓಡಿದವರ ಮೇಲೆ ಸುನಾಮಿಯ ಅಲೆಗಳು ಬಂದೆರಗಿದವು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳಿಂದಲೂ ಮನೆಗಳ ಒಲೆಗಳಿಂದಲೂ ಹೊತ್ತಿಕೊಂಡ ಬೆಂಕಿ ಹಲವು ದಿನಗಳ ಕಾಲ ಉರಿಯಿತು. ಸತ್ತವರ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲವಾದರೂ ಅದು ಹತ್ತಾರು ಸಾವಿರದ ಪ್ರಮಾಣದ್ದೆಂಬುದರಲ್ಲಿ ಸಂಶಯವಿಲ್ಲ. ಈ ದುರಂತವು ಯುರೋಪಿನ ಚಿಂತನೆಯನ್ನೇ ಅಲುಗಿಸಿತು. ವಾಲ್ಟೇರ್ ಇದನ್ನು ಕುರಿತು ಕಾವ್ಯ ಬರೆದನು. ೧೭೫೯ರಲ್ಲಿ ಪ್ರಕಟವಾದ ಅವನ 'ಕಾಂದೀದ್' ಕಥನದಲ್ಲಿಯೂ ಲಿಸ್ಬನ್ನಿನ ಪ್ರಸಂಗ ಬರುತ್ತದೆ. ಯುವಕನಾಗಿದ್ದ ಇಮ್ಯಾನುಯೆಲ್ ಕಾಂಟ್ ದೈವಕೋಪದ ಮಾತನ್ನು ಬದಿಗಿಟ್ಟು ಭೂಕಂಪಗಳ ನೈಸರ್ಗಿಕ ಕಾರಣಗಳನ್ನು ಹುಡುಕುವ ಪ್ರಬಂಧಗಳನ್ನು ೧೭೫೬ರಲ್ಲಿ ಬರೆದನು.

ನಮ್ಮ ವಿಷಯದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆಯೆಂದರೆ, ಅಂದು ನಾಶವಾದುದು ಯಾವುದು? ನದಿಯ ದಂಡೆಗೆ ತಾಗಿದಂತೆ ಮಾನುಯೆಲ್ ದೊರೆ ಹದಿನಾರನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ರಿಬೆಯ್ರ ಅರಮನೆ, ಅದರ ದೊಡ್ಡ ಗ್ರಂಥಭಂಡಾರ ಮತ್ತು ಚಿತ್ರಸಂಗ್ರಹ, ಅದೇ ವರ್ಷದ ವಸಂತದಲ್ಲಿ ತೆರೆದಿದ್ದ ಸಂಗೀತನಾಟಕ ಮಂದಿರ, ಇವೆಲ್ಲವೂ ಒಂದೇ ದಿನದ ಆಹುತಿಯಾದವು. ಇವುಗಳೊಡನೆ ಭಾರತ ವ್ಯಾಪಾರದ ಆಡಳಿತ ಕಚೇರಿಯಾದ 'ಕಾಸ ದ ಇಂದಿಯ' ಕೂಡ ನಾಶವಾಯಿತು. ಮಲಬಾರು ಮತ್ತು ಕೆನರಾ ಕರಾವಳಿಗಳಿಂದ ಬಂದ ಮೆಣಸನ್ನು ತೂಗಿ, ತೆರಿಗೆ ಕಟ್ಟಿಸಿ, ಯುರೋಪಿನ ಮಾರುಕಟ್ಟೆಗೆ ಬಿಡುತ್ತಿದ್ದುದು ಈ ಸಂಸ್ಥೆ. ಅರಮನೆಗೆ ಹೊಂದಿಕೊಂಡೇ ಉಗ್ರಾಣಗಳಿದ್ದವು. ಫ್ರಾನ್ಸಿನ ಅರಸನು ಪೋರ್ಚುಗಲ್ಲಿನ ದೊರೆಯನ್ನು ದಿನಸಿ ವ್ಯಾಪಾರಿಯೆಂದು ಹೀಗಳೆದನೆಂಬ ಪ್ರತೀತಿಯ ಹಿಂದೆ ಈ ವಾಸ್ತವವಿದೆ. ಕಾಸ ದ ಇಂದಿಯದ ಲೆಕ್ಕಪತ್ರಗಳ ಬಹುಪಾಲು ಸುಟ್ಟುಹೋದುದರಿಂದ ಮೆಣಸಿನ ವ್ಯಾಪಾರದ ಚರಿತ್ರೆಯನ್ನು ಇಂದು ಚದುರಿದ ಇತರ ಆಧಾರಗಳಿಂದ ಪುನಾರಚಿಸಬೇಕಾಗಿದೆ.

೩. ಮರುಕಟ್ಟಿದ ನಗರ

ದೊರೆ ಮೊದಲನೆಯ ಜೊಸೆ ಮತ್ತು ಅವನ ಕುಟುಂಬ ಆ ಬೆಳಿಗ್ಗೆ ನಗರದ ಹೊರಗೆ ಬೆಲೆಂನಲ್ಲಿದ್ದುದರಿಂದ ಬದುಕಿಕೊಂಡರು. ಕಲ್ಲಿನ ಮನೆಯಲ್ಲಿ ಮಲಗಲು ಅಂಜಿದ ದೊರೆ ತನ್ನ ಉಳಿದ ಆಯುಷ್ಯವನ್ನು ಅಜುದ ಗುಡ್ಡದ ಮೇಲಿನ ಮರದ ಬಿಡಾರದಲ್ಲಿ ಕಳೆದನು. ನಗರವನ್ನು ಮತ್ತೆ ಕಟ್ಟುವ ಹೊಣೆಯನ್ನು ಹೊತ್ತವನು ಮಂತ್ರಿಯಾಗಿದ್ದ, ಮುಂದೆ ಪೊಂಬಾಲ್ ಸಾಮಂತನೆಂದು ಹೆಸರಾದ ಸೆಬಾಸ್ತಿಯಾವೊ ಜೊಸೆ ದ ಕರ್ವಾಲ್ಯು. ಮಾನುಯೆಲ್ ದ ಮಾಯ, ಎವುಜೆನಿಯು ದುಶ್ ಸಾಂತುಶ್, ಕಾರ್ಲುಶ್ ಮಾರ್ದೆಲ್ ಎಂಬ ಮೂವರು ಎಂಜಿನಿಯರುಗಳು ಯೋಜನೆಯನ್ನು ರೂಪಿಸಿದರು.

ಈ ಹೊಸ ಭಾಗಕ್ಕೆ ಬೈಶಾ ಎಂದು ಹೆಸರು. ತಗ್ಗುನೆಲ ಎಂಬುದು ಅದರ ಅರ್ಥ. ಅಗಲವಾದ ನೇರ ಬೀದಿಗಳು, ಒಂದೇ ಎತ್ತರದ ಮನೆಗಳು, ಚಿನ್ನ, ಬೆಳ್ಳಿ, ಪಾದರಕ್ಷೆ ಮೊದಲಾದ ಕಸುಬುಗಳ ಹೆಸರನ್ನು ಹೊತ್ತ ಓಣಿಗಳು ಇಲ್ಲಿವೆ. ಹೊರನೋಟಕ್ಕೆ ಸರಳವಾದ ಈ ಮನೆಗಳ ಗೋಡೆಗಳ ಒಳಗೆ 'ಗಯೋಲ' ಎಂದು ಕರೆಯುವ ಮರದ ಹಂದರವಿದೆ. ಗಯೋಲವೆಂದರೆ ಪಂಜರ. ಅಡ್ಡ, ಉದ್ದ ಮತ್ತು ಓರೆ ತೊಲೆಗಳನ್ನು ಹೆಣೆದು ಮಾಡಿದ ಈ ಪಂಜರವು ನೆಲ ನಡುಗಿದಾಗ ಬಾಗಿ, ತೂಗಿ, ಕುಸಿಯದೆ ನಿಲ್ಲಬೇಕೆಂಬುದು ಯೋಜಕರ ಎಣಿಕೆ. ಅದರ ಮಾದರಿಯ ಸುತ್ತ ಸೈನಿಕರನ್ನು ದಾಪುಗಾಲಿನಲ್ಲಿ ನಡೆಸಿ ಪರೀಕ್ಷಿಸಿದರೆಂದು ಹೇಳಲಾಗಿದೆ. ಭೂಕಂಪವನ್ನು ಎದುರಿಸುವ ವ್ಯವಸ್ಥೆಯನ್ನು ಒಂದು ನಗರಭಾಗಕ್ಕೆ ಸಾರ್ವತ್ರಿಕವಾಗಿ ಅಳವಡಿಸಿದ ಆದಿಮ ನಿದರ್ಶನಗಳಲ್ಲಿ ಇದೊಂದು. ಇದಲ್ಲದೆ ಪೊಂಬಾಲನ ಆಡಳಿತವು ದೇಶದ ಇಗರ್ಜಿ ವಲಯಗಳಿಗೆಲ್ಲ ಒಂದು ಪ್ರಶ್ನಾವಳಿಯನ್ನು ಕಳುಹಿಸಿತು. ನಡುಕ ಎಷ್ಟು ಹೊತ್ತು ಇತ್ತು, ಯಾವ ದಿಕ್ಕಿನಿಂದ ಬಂದಿತು, ಸಮುದ್ರ ಮೊದಲು ಏರಿತೋ ಇಳಿಯಿತೋ ಎಂಬಂತಹ ಪ್ರಶ್ನೆಗಳು ಅದರಲ್ಲಿದ್ದವು. ಬಂದ ಉತ್ತರಗಳು ಇಂದಿನ ಭೂಕಂಪ ವಿಜ್ಞಾನಿಗಳಿಗೂ ಉಪಯುಕ್ತವಾಗಿವೆ.

ಬೈಶಾದ ನದಿಮುಖದಲ್ಲಿ ಪ್ರಾಸ ದು ಕೊಮೆರ್ಸಿಯು, ಎಂದರೆ ವಾಣಿಜ್ಯ ಚೌಕ, ಇದೆ. ಮೂರು ಕಡೆ ಹಳದಿ ಬಣ್ಣದ ಕಮಾನುಸಾಲು, ನಾಲ್ಕನೆಯ ಕಡೆ ನದಿ. ಹಿಂದೆ ಅರಮನೆ ಇದ್ದ ಸ್ಥಳವೇ ಇದು. ಇಂದಿಗೂ ಊರಿನವರು ಇದನ್ನು 'ಅರಮನೆಯ ಅಂಗಳ' ಎಂಬ ಅರ್ಥದ ಹಳೆಯ ಹೆಸರಿನಿಂದ ಕರೆಯುವುದುಂಟು. ನಡುವೆ ಮಶಾದು ದ ಕಾಸ್ತ್ರು ಎಂಬ ಶಿಲ್ಪಿ ರೂಪಿಸಿದ, ೧೭೭೫ರಲ್ಲಿ ಅನಾವರಣಗೊಂಡ ಜೊಸೆ ದೊರೆಯ ಅಶ್ವಾರೂಢ ಪ್ರತಿಮೆಯಿದೆ. ಅದರ ಪೀಠದ ಒಂದು ಪಕ್ಕದಲ್ಲಿ ಕುದುರೆ, ಇನ್ನೊಂದು ಪಕ್ಕದಲ್ಲಿ ಆನೆ. ಅಳಿದ ಬಂದರುಕಟ್ಟೆಯಲ್ಲಿ ಪೂರ್ವದೇಶದ ನೆನಪನ್ನು ಹೊತ್ತು ನಿಂತಿರುವುದು ಈ ಆನೆ. ಇದೇ ಚೌಕದಲ್ಲಿ ೧೯೦೮ರ ಫೆಬ್ರವರಿ ೧ರಂದು ಕಾರ್ಲುಶ್ ದೊರೆಯ ಹತ್ಯೆ ನಡೆಯಿತು. ೧೯೧೦ರಲ್ಲಿ ದೇಶವು ಗಣರಾಜ್ಯವಾಯಿತು.

ಬೈಶಾದಿಂದ ಮೇಲಕ್ಕೆ, ೧೯೦೨ರಲ್ಲಿ ನಿರ್ಮಿಸಿದ ಸಾಂತ ಜುಶ್ತ ಎಂಬ ಕಬ್ಬಿಣದ ಎತ್ತುಯಂತ್ರದ ತುದಿಯಲ್ಲಿ ಕಾರ್ಮು ಮಠದ ಅವಶೇಷವಿದೆ. ಭೂಕಂಪದಲ್ಲಿ ಇದರ ಛಾವಣಿ ಬಿದ್ದುಹೋಯಿತು. ಮರುಕಟ್ಟುವ ಪ್ರಯತ್ನ ಅರ್ಧಕ್ಕೆ ನಿಂತಿತು. ಮುಗಿಲಿಗೆ ತೆರೆದ ಗೋಥಿಕ್ ಕಮಾನುಗಳನ್ನು ಹಾಗೆಯೇ ಬಿಟ್ಟು, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಪುರಾತತ್ತ್ವ ಸಂಗ್ರಹಾಲಯವನ್ನು ಏರ್ಪಡಿಸಲಾಯಿತು. ನಾಶವನ್ನು ಮರೆಮಾಡದೆ ಕಾಣುವಂತೆ ಉಳಿಸಿದ ಸ್ಥಳ ಇದೊಂದೇ ಎನ್ನಬಹುದು. ಪಕ್ಕದ ಚೌಕಕ್ಕೆ ಇನ್ನೊಂದು ಮಹತ್ತ್ವವೂ ಇದೆ. ೧೯೭೪ರ ಏಪ್ರಿಲ್ ೨೫ರಂದು ಸೈನ್ಯದ ಕಿರಿಯ ಅಧಿಕಾರಿಗಳು ನಡೆಸಿದ ಕ್ರಾಂತಿಯಲ್ಲಿ ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲು ಕಾಯ್ತಾನು ಶರಣಾದುದು ಇಲ್ಲಿನ ಸೈನಿಕ ಠಾಣೆಯಲ್ಲಿ.

೪. ಬಿಲ್ಲೆಗಳಲ್ಲಿ ಉಳಿದ ನಗರ

ಅಳಿದ ನಗರವನ್ನು ನೋಡುವ ಸಾಧನ ಯಾವುದು? ಇದಕ್ಕೆ ಉತ್ತರ ರಾಷ್ಟ್ರೀಯ ಅಜುಲೆಜು ಸಂಗ್ರಹಾಲಯದಲ್ಲಿದೆ. ಬಣ್ಣದ ಚಿತ್ರ ಬರೆದು ಮೆರುಗು ಕೊಟ್ಟು ಸುಟ್ಟ ಜೇಡಿಯ ಬಿಲ್ಲೆಗೆ ಅಜುಲೆಜು ಎಂದು ಹೆಸರು. ಪದವೂ ಕಲೆಯೂ ಅರಬ್ಬರ ಮೂಲಕ ಐಬೀರಿಯ ಪರ್ಯಾಯದ್ವೀಪಕ್ಕೆ ಬಂದವು. ಲಿಸ್ಬನ್ನಿನ ಮನೆ, ಮಠ, ರೈಲು ನಿಲ್ದಾಣಗಳ ಗೋಡೆಗಳೆಲ್ಲ ಈ ಬಿಲ್ಲೆಗಳಿಂದ ಅಲಂಕೃತವಾಗಿವೆ. ರಾಣಿ ಲಿಯೊನೋರ್ ೧೫೦೯ರಲ್ಲಿ ಸ್ಥಾಪಿಸಿದ ಮಾದ್ರೆ ದ ದೆವುಶ್ ಎಂಬ ಸನ್ಯಾಸಿನಿಯರ ಮಠದ ಕಟ್ಟಡದಲ್ಲಿ ಈ ಸಂಗ್ರಹಾಲಯವಿದೆ.

ಇಲ್ಲಿನ ಅಮೂಲ್ಯ ವಸ್ತುವೆಂದರೆ ೧೭೦೦ರ ಸುಮಾರಿಗೆ ರಚಿತವಾದ, ಸುಮಾರು ೨೩ ಮೀಟರ್ ಉದ್ದದ ನೀಲಿ-ಬಿಳಿ ಫಲಕ. ನದಿಯ ಕಡೆಯಿಂದ ಕಂಡ ಲಿಸ್ಬನ್ನಿನ ದಂಡೆಯನ್ನು ಅದು ಪೂರ್ತಿಯಾಗಿ ಚಿತ್ರಿಸುತ್ತದೆ. ಭೂಕಂಪಕ್ಕೆ ಅರ್ಧ ಶತಮಾನ ಹಿಂದಿನ ಅರಮನೆ, ಹಡಗುಕಟ್ಟೆ, ಇಗರ್ಜಿಗಳು, ದೋಣಿಗಳು, ಮನೆಗಳ ಸಾಲು ಎಲ್ಲವೂ ಅಲ್ಲಿವೆ. ವಾಣಿಜ್ಯ ಚೌಕದಲ್ಲಿ ನಿಂತು ಬರಿಯ ಬಯಲನ್ನು ನೋಡಿದವರು ಈ ಫಲಕದ ಮುಂದೆ ನಿಂತಾಗ ಆ ಬಯಲು ತುಂಬಿಕೊಳ್ಳುತ್ತದೆ. ಹಂಪೆಯ ಅವಶೇಷಗಳನ್ನು ಪಾಯಿಸನ ವರ್ಣನೆಯೊಡನೆ ಇಟ್ಟು ಓದುವ ಅಭ್ಯಾಸವುಳ್ಳ ನಮಗೆ ಈ ವಿಧಾನ ಅಪರಿಚಿತವಲ್ಲ. ಬೆಲೆಂಗೆ ಹೋಗುವ ಮುನ್ನ ಈ ಫಲಕವನ್ನು ನೋಡಬೇಕೆಂಬುದು ನಮ್ಮ ಸೂಚನೆ.

೫. ಬೆಲೆಂ: ಮೆಣಸಿನಿಂದ ಎದ್ದ ಕಲ್ಲುಗಳು

ನಗರಕೇಂದ್ರದಿಂದ ಪಶ್ಚಿಮಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ, ನದಿಯು ಸಮುದ್ರವನ್ನು ಸಮೀಪಿಸುವಲ್ಲಿ ಬೆಲೆಂ ಇದೆ. ೧೪೯೭ರ ಜುಲೈ ೮ರಂದು ವಾಸ್ಕೊ ದ ಗಾಮ ಇಲ್ಲಿಂದ ಹಡಗು ಬಿಟ್ಟು ಮರುವರ್ಷದ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ತಲುಪಿದನು. ಮರಳುವ ದಾರಿಯಲ್ಲಿ ಅವನ ಹಡಗುಗಳು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದವು.

ಮಾನುಯೆಲ್ ದೊರೆ ಇಲ್ಲಿ ಜೆರೊನಿಮೊಸ್ ಮಠದ ನಿರ್ಮಾಣವನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಕೈಗೊಂಡನು. ಅದರ ವೆಚ್ಚಕ್ಕೆ ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಶೇಕಡ ೫ರಷ್ಟು ತೆರಿಗೆಯನ್ನು ಮೀಸಲಿಡಲಾಯಿತು. ದಿಯೊಗು ಬೊಯ್ತಾಕ, ಅವನ ಅನಂತರ ಜೊವಾವ್ ದ ಕಾಸ್ತಿಲ್ಯು ಮೊದಲಾದ ಸ್ಥಪತಿಗಳು ದುಡಿದರು. ಹಗ್ಗದ ಹುರಿ, ಹವಳ, ಎಲೆಬಳ್ಳಿ, ಗೋಳಯಂತ್ರ ಮುಂತಾದ ಆಕೃತಿಗಳನ್ನು ಕಲ್ಲಿನಲ್ಲಿ ಹೇರಳವಾಗಿ ಕೆತ್ತುವ ಈ ಶೈಲಿಗೆ ದೊರೆಯ ಹೆಸರಿನಿಂದ 'ಮಾನುಯೆಲೀನ್' ಎಂಬ ಹೆಸರು ಬಂದಿದೆ. ಒಳಗಿನ ತೆಳುವಾದ ಎಂಟುಮೂಲೆಯ ಕಂಬಗಳು ತಾಳೆಮರಗಳಂತೆ ಮೇಲೇರಿ ಛಾವಣಿಯಲ್ಲಿ ಕವಲೊಡೆಯುತ್ತವೆ. ಗರ್ಭಾಗಾರದಲ್ಲಿ ಮಾನುಯೆಲ್, ಅವನ ಮಗ ಮೂರನೆಯ ಜೊವಾವ್ ಮತ್ತು ಇಬ್ಬರು ರಾಣಿಯರ ಸಮಾಧಿಗಳಿವೆ. ಅವನ್ನು ಹೊತ್ತಿರುವವು ಅಮೃತಶಿಲೆಯ ಆನೆಗಳು. ನಮ್ಮ ದೇವಾಲಯಗಳ ಗಜಪೀಠವನ್ನು ಕಂಡವರು ಈ ಆನೆಗಳ ಮುಂದೆ ಒಂದು ಕ್ಷಣ ನಿಲ್ಲದೆ ಇರಲಾರರು. ಆದರೆ ಇಲ್ಲಿ ಆನೆಯು ದೇವರ ವಾಹನಪಂಕ್ತಿಗೆ ಸೇರಿದುದಲ್ಲ, ದೂರದ ನಾಡುಗಳ ಮೇಲಿನ ಅಧಿಕಾರದ ಚಿಹ್ನೆ ಎಂಬ ಭೇದವನ್ನು ಗಮನಿಸಬೇಕು.

ಪ್ರವೇಶದ ಬಳಿ ಗಾಮನ ಸಮಾಧಿಯೂ 'ಲೂಸಿಯದ' ಮಹಾಕಾವ್ಯದ ಕವಿ ಕಮೊಯಿಂಶನ ಸಮಾಧಿಯೂ ಎದುರುಬದುರಾಗಿವೆ. ಇವು ಮಠದ ಸಮಕಾಲೀನವಲ್ಲ. ಗಾಮ ತೀರಿಕೊಂಡುದು ೧೫೨೪ರಲ್ಲಿ ಕೊಚ್ಚಿಯಲ್ಲಿ. ಅಲ್ಲಿಂದ ತಂದು ಪೋರ್ಚುಗಲ್ಲಿನ ಬೇರೊಂದು ಊರಿನಲ್ಲಿ ಇರಿಸಿದ್ದ ಅಸ್ಥಿಗಳನ್ನು ಬೆಲೆಂಗೆ ಸ್ಥಳಾಂತರಿಸಿದುದು ೧೮೮೦ರಲ್ಲಿ, ಕಮೊಯಿಂಶನ ಮೂರನೆಯ ಪುಣ್ಯ ಶತಮಾನೋತ್ಸವದ ಸಂದರ್ಭದಲ್ಲಿ. ಹದಿನಾರನೆಯ ಶತಮಾನದ ವೀರಗಾಥೆಯನ್ನು ಹತ್ತೊಂಬತ್ತನೆಯ ಶತಮಾನವು ತನ್ನ ಅಗತ್ಯಕ್ಕೆ ತಕ್ಕಂತೆ ಮರುಜೋಡಿಸಿತು ಎಂಬುದಕ್ಕೆ ಇದು ನಿದರ್ಶನ.

ಸ್ವಲ್ಪ ದೂರದಲ್ಲಿ ನೀರಿನ ಅಂಚಿಗೆ ಬೆಲೆಂ ಗೋಪುರವಿದೆ. ಫ್ರಾನ್ಸಿಸ್ಕು ದ ಅರ್ರುದ ಎಂಬ ಸ್ಥಪತಿ ೧೫೧೪ರಿಂದ ೧೫೧೯ರ ಸುಮಾರಿನವರೆಗೆ ಕಟ್ಟಿದ ಈ ಕಾವಲುಕೋಟೆಯ ಬುರುಜೊಂದರ ಅಡಿಯಲ್ಲಿ ಸವೆದುಹೋದ ಖಡ್ಗಮೃಗದ ತಲೆ ಕಾಣುತ್ತದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಷಹನು ಅಫೊನ್ಸು ದ ಅಲ್ಬುಕರ್ಕನಿಗೆ ಕೊಟ್ಟ ಖಡ್ಗಮೃಗವು ೧೫೧೫ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂದಿಳಿಯಿತು. ಅದನ್ನು ಆನೆಯೊಡನೆ ಸೆಣಸಲು ಬಿಟ್ಟಾಗ ಆನೆಯೇ ಹಿಮ್ಮೆಟ್ಟಿತಂತೆ. ಅನಂತರ ಪೋಪರಿಗೆ ಕಾಣಿಕೆಯಾಗಿ ಕಳುಹಿಸಿದಾಗ ಹಡಗು ಇಟಲಿಯ ಕರಾವಳಿಯಲ್ಲಿ ಮುಳುಗಿ ಸರಪಳಿಯಲ್ಲಿದ್ದ ಮೃಗವೂ ಸತ್ತಿತು. ಅದನ್ನು ಎಂದೂ ನೋಡದ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಕೇವಲ ವರದಿಯ ಆಧಾರದಿಂದ ಕೊರೆದ ಮರದಚ್ಚಿನ ಚಿತ್ರವು ಶತಮಾನಗಳ ಕಾಲ ಯುರೋಪಿನಲ್ಲಿ ಪ್ರಮಾಣವಾಗಿತ್ತು. ಮಠವನ್ನೂ ಗೋಪುರವನ್ನೂ ಯುನೆಸ್ಕೊ ೧೯೮೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇವೆರಡರ ನಡುವೆ, ಹಡಗಿನ ಮೂತಿಯ ಆಕಾರದಲ್ಲಿ ನದಿಗೆ ಚಾಚಿಕೊಂಡ 'ಪದ್ರಾವೊ ದುಶ್ ದೆಶ್ಕುಬ್ರಿಮೆಂತುಶ್', ಎಂದರೆ ಅನ್ವೇಷಣೆಗಳ ಸ್ಮಾರಕ, ಇದೆ. ಹೊರನೋಟಕ್ಕೆ ಹಳೆಯದೆನಿಸಬಹುದಾದರೂ ಇದು ಆಧುನಿಕ ರಚನೆ. ಸಲಜಾರನ ಆಡಳಿತದಲ್ಲಿ ೧೯೪೦ರ ಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ನಿರ್ಮಿಸಿ, ೧೯೬೦ರಲ್ಲಿ ಕಾಂಕ್ರೀಟು ಮತ್ತು ಕಲ್ಲಿನಲ್ಲಿ ಶಾಶ್ವತಗೊಳಿಸಿದರು. ಮುಂಭಾಗದಲ್ಲಿ ರಾಜಕುಮಾರ ಹೆನ್ರಿ. ಅವನ ಹಿಂದೆ ನಾವಿಕರು, ಪಾದ್ರಿಗಳು, ಭೂಪಟಕಾರರು. ಈ ಸ್ಮಾರಕ ಎದ್ದ ಮರುವರ್ಷವೇ, ೧೯೬೧ರ ನವೆಂಬರಿನಲ್ಲಿ, ಅಂಜದೀವದಿಂದ ಭಾರತದ ಹಡಗೊಂದರ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ಗೋವೆಯೂ ಅಂಜದೀವವೂ ಭಾರತಕ್ಕೆ ಸೇರಿದವು. ಸಾಮ್ರಾಜ್ಯವು ಕರಗುತ್ತಿದ್ದ ಹೊತ್ತಿನಲ್ಲಿಯೇ ಅದರ ಸ್ಮಾರಕ ಕಲ್ಲಾಯಿತು. 'ಅನ್ವೇಷಣೆ' ಎಂಬ ಪದದ ಔಚಿತ್ಯವನ್ನು ಕುರಿತು ಪೋರ್ಚುಗಲ್ಲಿನ ವಿದ್ವಾಂಸರಲ್ಲಿಯೇ ಚರ್ಚೆ ನಡೆದಿದೆ. ಆ ಹೆಸರಿನ ಸಂಗ್ರಹಾಲಯವೊಂದನ್ನು ಸ್ಥಾಪಿಸುವ ಪ್ರಸ್ತಾಪಕ್ಕೆ ೨೦೧೮ರಲ್ಲಿ ನೂರಕ್ಕೂ ಹೆಚ್ಚು ಇತಿಹಾಸಕಾರರು ಮತ್ತು ಸಮಾಜ ವಿಜ್ಞಾನಿಗಳು ಬಹಿರಂಗವಾಗಿ ಆಕ್ಷೇಪ ಎತ್ತಿದರು. ತಮ್ಮ ನಾಡಿನಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಜನರ ದೃಷ್ಟಿಯಲ್ಲಿ ಯಾರು ಯಾರನ್ನು ಅನ್ವೇಷಿಸಿದರು ಎಂಬ ಪ್ರಶ್ನೆ ಸಹಜವಾದುದೇ.

೬. ರೊಸಿಯು ಚೌಕದ ನೆರಳು

ಬೈಶಾದ ಉತ್ತರ ತುದಿಯ ರೊಸಿಯು ಚೌಕವು ಅಲೆಯಾಕಾರದ ಕಪ್ಪು-ಬಿಳಿ ಕಲ್ಲುಹಾಸಿಗೆ ಪ್ರಸಿದ್ಧ. ಅದರ ಒಂದು ಬದಿಯಲ್ಲಿ ೧೮೪೬ರಲ್ಲಿ ಆರಂಭವಾದ ರಾಷ್ಟ್ರೀಯ ರಂಗಮಂದಿರವಿದೆ. ಆ ಸ್ಥಳದಲ್ಲಿ ಹಿಂದೆ ಇದ್ದುದು ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನ. ಸಮೀಪದ ಸಾವೊ ದೊಮಿಂಗುಶ್ ಇಗರ್ಜಿಯಲ್ಲಿ ೧೫೦೬ರ ಏಪ್ರಿಲಿನಲ್ಲಿ ಆರಂಭವಾದ ಗಲಭೆಯಲ್ಲಿ, ಬಲವಂತದಿಂದ ಮತಾಂತರಗೊಂಡಿದ್ದ ಯೆಹೂದ್ಯರ ಸಾಮೂಹಿಕ ಹತ್ಯೆ ನಡೆಯಿತು. ಅದರ ನೆನಪಿಗೆ ಇಗರ್ಜಿಯ ಮುಂದೆ ೨೦೦೮ರಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಗಿದೆ. ೧೯೫೯ರ ಬೆಂಕಿಯಲ್ಲಿ ಸುಟ್ಟ ಇಗರ್ಜಿಯ ಕಂಬಗಳು ಇಂದಿಗೂ ಸಿಡಿದ ಕಲ್ಲಿನ ಗಾಯಗಳನ್ನು ತೋರುತ್ತವೆ.

ಪೋರ್ಚುಗಲ್ಲಿನಲ್ಲಿ ೧೫೩೬ರಲ್ಲಿ ಸ್ಥಾಪಿತವಾದ ಈ ನ್ಯಾಯಸ್ಥಾನದ ಶಾಖೆ ಗೋವೆಯಲ್ಲಿ ೧೫೬೦ರಿಂದ, ನಡುವಿನ ಅಲ್ಪಾವಧಿಯ ಬಿಡುವನ್ನು ಬಿಟ್ಟರೆ, ೧೮೧೨ರವರೆಗೆ ನಡೆಯಿತು. ಗೋವೆಯಿಂದ ಕೆನರಾ ಕರಾವಳಿಗೆ ಕೊಂಕಣಿ ಭಾಷಿಕರು, ಹಿಂದೂಗಳೂ ಕ್ರೈಸ್ತರೂ, ವಲಸೆ ಬಂದುದಕ್ಕೆ ಯುದ್ಧ, ಕ್ಷಾಮ, ತೆರಿಗೆ ಮುಂತಾದ ಕಾರಣಗಳೊಡನೆ ಇದೂ ಒಂದು ಕಾರಣ. ಕಾರವಾರದಿಂದ ಮಂಗಳೂರಿನವರೆಗಿನ ಅನೇಕ ಕುಟುಂಬಗಳ ಸ್ಥಳಪುರಾಣದ ಒಂದು ಎಳೆ ರೊಸಿಯು ಚೌಕದವರೆಗೆ ಚಾಚಿದೆ ಎಂಬುದನ್ನು ಪ್ರವಾಸಿ ಕೈಪಿಡಿಗಳು ತಿಳಿಸುವುದಿಲ್ಲ.

೭. ಸಂಗ್ರಹಾಲಯಗಳು ಮತ್ತು ಸಂಗೀತ

೧೮೮೪ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರಾಚೀನ ಕಲಾ ಸಂಗ್ರಹಾಲಯದಲ್ಲಿ ನೂನು ಗೊನ್ಸಾಲ್ವೆಶನ ಹದಿನೈದನೆಯ ಶತಮಾನದ ಸಂತ ವಿನ್ಸೆಂಟನ ಚಿತ್ರಫಲಕಗಳಿವೆ. ಅಲ್ಲಿಯೇ ಇರುವ 'ಬೆಲೆಂ ಪ್ರಸಾದಪಾತ್ರೆ' ೧೫೦೬ರಲ್ಲಿ ಪೂರ್ಣಗೊಂಡ ಚಿನ್ನದ ಕುಸುರಿಕೆಲಸ. ಪೂರ್ವ ಆಫ್ರಿಕದ ಕಿಲ್ವಾದಿಂದ ಗಾಮ ಕಪ್ಪವಾಗಿ ವಸೂಲು ಮಾಡಿ ೧೫೦೩ರಲ್ಲಿ ತಂದ ಚಿನ್ನದಿಂದ ಅದನ್ನು ಮಾಡಲಾಯಿತು. ಇದೇ ಸಂಗ್ರಹಾಲಯದ ಇಂಡೋ-ಪೋರ್ಚುಗೀಸ್ ಪೆಟ್ಟಿಗೆಗಳೂ ದಂತದ ಮೂರ್ತಿಗಳೂ ಪಶ್ಚಿಮ ಕರಾವಳಿಯ ಕುಶಲಕರ್ಮಿಗಳ ಕೈವಾಡಕ್ಕೆ ಸಾಕ್ಷಿ. ಜೆಸ್ವಿಟರ ಸಾವೊ ರೊಕ್ ಇಗರ್ಜಿಯಲ್ಲಿ ಆಂದ್ರೆ ರೈನೊಸು ಬರೆದ, ಫ್ರಾನ್ಸಿಸ್ ಜೇವಿಯರನ ಜೀವನ ಚಿತ್ರಮಾಲಿಕೆಯಿದೆ. ೨೦೦೮ರಲ್ಲಿ, ಹಿಂದೆ ಒಣಮೀನಿನ ಉಗ್ರಾಣವಾಗಿದ್ದ ಕಟ್ಟಡದಲ್ಲಿ ತೆರೆದ ಪೂರ್ವದೇಶ ಸಂಗ್ರಹಾಲಯವು ಏಷ್ಯದ ಜನಪದ ರಂಗಕಲೆಗಳ ದೊಡ್ಡ ಸಂಗ್ರಹವನ್ನು ಹೊಂದಿದೆ.

ಅಲ್ಫಾಮದ ಫಾದು ಸಂಗೀತವನ್ನು ಇಲ್ಲಿ ಉಲ್ಲೇಖಿಸಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ನಗರದ ಬಡಕೇರಿಗಳಲ್ಲಿ ರೂಪುಗೊಂಡ, ಅಗಲಿಕೆ ಮತ್ತು ವಿಧಿಯನ್ನು ಕುರಿತ ಈ ಹಾಡುಗಾರಿಕೆಯನ್ನು ಯುನೆಸ್ಕೊ ೨೦೧೧ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾಷೆಯ ಕಡೆಗೆ ಕಿವಿಗೊಟ್ಟವರಿಗೆ ಬೀದಿಗಳಲ್ಲಿ ಪರಿಚಿತ ಧ್ವನಿಗಳೂ ಕೇಳಿಸುತ್ತವೆ. ಚಾವಿ, ಅಲಮಾರು, ಪಗಾರ, ಬಟಾಟೆ, ಪಾದ್ರಿ ಮುಂತಾದ ಪದಗಳು ಗೋವೆಯ ದಾರಿಯಾಗಿ ಕನ್ನಡಕ್ಕೂ ನೆರೆಯ ಭಾಷೆಗಳಿಗೂ ಬಂದ ಪೋರ್ಚುಗೀಸ್ ಮೂಲದವು.

೮. ಕಾಗದದಲ್ಲಿ ಉಳಿದ ಬಂದರುಕಟ್ಟೆ

ಈಗ ಪ್ರವಾಸಿಗಳು ಸಾಮಾನ್ಯವಾಗಿ ಹೋಗದ ಸ್ಥಳಗಳ ಕಡೆಗೆ ತಿರುಗೋಣ. ಪೋರ್ಚುಗಲ್ಲಿನ ರಾಷ್ಟ್ರೀಯ ಪತ್ರಾಗಾರಕ್ಕೆ ತೊರ್ ದು ತೊಂಬು ಎಂದು ಹೆಸರು. ಸಾವೊ ಜಾರ್ಜ್ ಕೋಟೆಯ ಗೋಪುರವೊಂದರಲ್ಲಿ ಹದಿನಾಲ್ಕನೆಯ ಶತಮಾನದಿಂದ ದಾಖಲೆಗಳನ್ನು ಇಡುತ್ತಿದ್ದುದರಿಂದ ಈ ಹೆಸರು ಬಂದಿದೆ. ೧೭೫೫ರಲ್ಲಿ ಗೋಪುರ ಕುಸಿಯಿತು. ಆಗ ಪತ್ರಾಗಾರದ ಮುಖ್ಯಸ್ಥನಾಗಿದ್ದವನು ಮೇಲೆ ಹೇಳಿದ ಎಂಜಿನಿಯರ್ ಮಾನುಯೆಲ್ ದ ಮಾಯ. ಎಂಬತ್ತರ ಅಂಚಿನಲ್ಲಿದ್ದ ಈ ವೃದ್ಧನು ಅವಶೇಷಗಳ ನಡುವಿನಿಂದ ದಾಖಲೆಗಳನ್ನು ಎತ್ತಿಸಿ ರಕ್ಷಿಸಿದನು. ಅವು ಸಾವೊ ಬೆಂತು ಮಠಕ್ಕೆ ಸಾಗಿದವು. ೧೯೯೦ರಲ್ಲಿ ವಿಶ್ವವಿದ್ಯಾಲಯದ ಆವರಣದ ಹೊಸ ಕಟ್ಟಡಕ್ಕೆ ಬಂದವು. ಕಾಸ ದ ಇಂದಿಯದ ಲೆಕ್ಕಪುಸ್ತಕಗಳಿಗೆ ಇಂತಹ ರಕ್ಷಕರು ದೊರೆಯಲಿಲ್ಲ. ಇಂದು ನಾವು ಬರೆಯಬಹುದಾದ ಚರಿತ್ರೆಯ ಮೇರೆಯನ್ನು ಈ ಎರಡು ಘಟನೆಗಳೇ ನಿಗದಿಪಡಿಸಿವೆ.

ಇಲ್ಲಿನ 'ಕಾಲಾನುಕ್ರಮ ಸಂಗ್ರಹ'ದಲ್ಲಿ ಹದಿನಾರನೆಯ ಶತಮಾನದ ಸಾವಿರಾರು ಪತ್ರಗಳಿವೆ; ೨೦೦೭ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಇದು ಸೇರಿತು. ಮಳ���ಗಾಲದ ಮಾರುತಗಳೊಡನೆ ಬಂದುಹೋಗುತ್ತಿದ್ದ ಹಡಗುಗಳ ಮೂಲಕ ಲಿಸ್ಬನ್ನಿಗೂ ಗೋವೆಗೂ ನಡೆದ ಪತ್ರವ್ಯವಹಾರಕ್ಕೆ 'ಮಾನ್ಸೂನ್ ಪುಸ್ತಕಗಳು' ಎಂದು ಹೆಸರು. ಅದರ ಸುಮಾರು ೬೦ ಸಂಪುಟಗಳು ಇಲ್ಲಿವೆ, ಉಳಿದವು ಪಣಜಿಯ ಪತ್ರಾಗಾರದಲ್ಲಿವೆ. ಕರಾವಳಿಯ ಅಕ್ಕಿ ಮತ್ತು ಮೆಣಸು, ಕೋಟೆಗಳ ನಿರ್ವಹಣೆ, ಕೆಳದಿಯ ಅರಸರೊಡನೆ ಸಂಧಾನ ಮತ್ತು ಕಲಹ ಇವುಗಳ ವಿಷಯ. ಇವಲ್ಲದೆ ೧೯೩೧ರಲ್ಲಿ ರೂಪುಗೊಂಡ ಸಾಗರೋತ್ತರ ಐತಿಹಾಸಿಕ ಪತ್ರಾಗಾರ, 'ಏಷ್ಯದಲ್ಲಿ ಜೆಸ್ವಿಟರು' ಎಂಬ ಹಸ್ತಪ್ರತಿ ಮಾಲೆಯುಳ್ಳ ಅಜುದ ಗ್ರಂಥಾಲಯ, ೧೭೯೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಗ್ರಂಥಾಲಯ, ಇವು ಅಭ್ಯಾಸಿಗಳು ನೋಡಬೇಕಾದ ಸ್ಥಳಗಳು. ಗೋವಾ ಧರ್ಮವಿಚಾರಣೆಯ ಮೂಲ ಕಡತಗಳ ಬಹುಪಾಲು ನಾಶವಾಗಿದ್ದರೂ ೧೫೬೧ರಿಂದ ೧೬೨೩ರವರೆಗಿನ ಪ್ರಕರಣಗಳ ಒಂದು ಸೂಚಿ ಈ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿದೆ.

ಹೆಸರುಗಳನ್ನು ಗುರುತಿಸುವುದು ಇಲ್ಲಿ ಮೊದಲ ಹೆಜ್ಜೆ. ವಿಜಯನಗರವು ಬಿಸ್ನಗ ಎಂದೂ ನರಸಿಂಗ ಎಂದೂ ಕಾಣಿಸುತ್ತದೆ. ಹೊನ್ನಾವರವು ಒನೋರ್, ಭಟ್ಕಳವು ಬತೆಕಲ, ಬಸರೂರು ಬರ್ಸೆಲೋರ್. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಈ ಆಧಾರಗಳನ್ನು ಮೂಲದಲ್ಲಿಯೇ ಓದಿ ಗೋವಾ ಮತ್ತು ಕೆನರಾ ಸಂಬಂಧಗಳನ್ನು ನಿರೂಪಿಸಿದ ಬಿ. ಎಸ್. ಶಾಸ್ತ್ರಿ ಅವರ ಕೆಲಸವು ನಮಗೆ ಮಾದರಿ.

ಪಾಯಿಸ್ ಮತ್ತು ನೂನಿಜರ ಬರಹಗಳ ಚರಿತ್ರೆಯೂ ಇಲ್ಲಿ ಸ್ಮರಣೀಯ. ಪ್ಯಾರಿಸಿನಲ್ಲಿದ್ದ ಅವುಗಳ ಹಸ್ತಪ್ರತಿಯನ್ನು ದಾವಿದ್ ಲೋಪೆಶ್ ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಮಾಡಿಸಿದರು. ಗಾಮನ ಯಾನದ ನಾಲ್ಕನೆಯ ಶತಮಾನೋತ್ಸವವೇ ಆ ಪ್ರಕಟಣೆಯ ಸಂದರ್ಭ. ಅದನ್ನು ಆಧರಿಸಿ ರಾಬರ್ಟ್ ಸೀವೆಲ್ ಮಾಡಿದ ಇಂಗ್ಲಿಷ್ ಅನುವಾದವು ೧೯೦೦ರಲ್ಲಿ ಹೊರಬಂದಿತು. ನಾವು ಕನ್ನಡದಲ್ಲಿ ಉದ್ಧರಿಸುವ ಪಾಯಿಸನ ಮಾತುಗಳು ಬಹುಮಟ್ಟಿಗೆ ಈ ಇಂಗ್ಲಿಷಿನಿಂದ ಬಂದವು. ಸಾಮ್ರಾಜ್ಯದ ಉತ್ಸವಕ್ಕೆಂದು ಮುದ್ರಿತವಾದ ಪಠ್ಯವೇ ಹಂಪೆಯ ವೈಭವವನ್ನು ನಮಗೆ ಮರಳಿ ಕೊಟ್ಟಿತು ಎಂಬುದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

೯. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಲಿಸ್ಬನ್ನಿನ ದರ್ಶನವನ್ನು ಬೆಲೆಂನಿಂದ ಆರಂಭಿಸಿದರೆ ಸಿಗುವುದು ವಿಜಯದ ಕಥನ. ಕೋಟೆ, ವಾಣಿಜ್ಯ ಚೌಕ, ಕಾರ್ಮು, ಬಿಲ್ಲೆಗಳ ಫಲಕ ಇವುಗಳ ಮೂಲಕ ಬೆಲೆಂಗೆ ಬಂದರೆ ಆ ಕಥನದ ಹಿಂದಿನ ಲೆಕ್ಕಾಚಾರವೂ ನಾಶವೂ ತಿಳಿಯುತ್ತವೆ. ಎರಡು, ಸ್ಮಾರಕಗಳು ಹೇಳದೆ ಬಿಟ್ಟುದನ್ನು ಪತ್ರಾಗಾರಗಳು ಹೇಳುತ್ತವೆ. ಆದರೆ ಅವನ್ನು ಕೇಳಲು ಪೋರ್ಚುಗೀಸ್ ಭಾಷೆಯ ಅಭ್ಯಾಸ ಅನಿವಾರ್ಯ. ೧೯೭೪ರ ಕ್ರಾಂತಿಯ ಅನಂತರ, ಅದೇ ವರ್ಷದ ಡಿಸೆಂಬರಿನಲ್ಲಿ, ಗೋವೆಯ ವಿಲೀನವನ್ನು ಪೋರ್ಚುಗಲ್ ಒಪ್ಪಿಕೊಂಡಿತು. ಎರಡು ದೇಶಗಳ ನಡುವಿನ ಬಾಗಿಲು ಅಂದಿನಿಂದ ತೆರೆದಿದೆ.

ಹೊರನಾಡಿನಲ್ಲಿದ್ದು ಕನ್ನಡದ ಕೆಲಸ ಮಾಡುವವರಿಗೆ ಇಲ್ಲೊಂದು ಅನುಕೂಲವೂ ಇದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿರುವವರು ಮರಾಠಿ, ಕೊಂಕಣಿ, ಪರ್ಷಿಯನ್ ಆಕರಗಳ ನೆರೆಯಲ್ಲಿದ್ದಾರೆ. ಪೋರ್ಚುಗೀಸ್ ಆಕರಗಳನ್ನು ಇವುಗಳೊಡನೆಯೂ ಕನ್ನಡ ಶಾಸನ ಮತ್ತು ಕಾವ್ಯಗಳೊಡನೆಯೂ ತಾಳೆ ನೋಡುವ ಕೆಲಸ ಇನ್ನೂ ಬಹಳ ಉಳಿದಿದೆ. ಜೆರೊನಿಮೊಸ್ ಮಠದ ಕಲ್ಲಿನಲ್ಲಿ ಹೊನ್ನಾವರದ ಮೆಣಸಿನ ಪಾಲು ಎಷ್ಟು ಎಂಬುದನ್ನು ಆ ಕಲ್ಲು ಹೇಳಲಾರದು. ಉಳಿದ ಕಾಗದಗಳಿಂದ ಅದನ್ನು ಹೊರಡಿಸುವ ಹೊಣೆ ನಮ್ಮದು.